ಹಸುಗೂಸಿನ ಫೋಟೋಗೆ ಹೂವಿನ ಕೊಕೂನ್ ಕ್ರೋಶಾದಲ್ಲಿ ಹಾಕೋದು ಹೇಗೆ?

ಕೊಕೂನ್ ಅಂದರೆ ಮಗುವನ್ನು ಎದೆವರೆಗೆ ಮುಚ್ಚುವ ಉದ್ದನೆಯ ಚೀಲ, ಅಷ್ಟೇ. ಕ್ರೋಶಾದಲ್ಲಿ ಟೋಪಿ ಹೆಣೆಯಲು ಬಂದರೆ ಇದೂ ಬರುತ್ತದೆ.

ಮೆತ್ತನೆಯ ಹತ್ತಿ ನೂಲು ಅಥವಾ ಬೇಬಿ ಉಲನ್, 5 ಮಿ.ಮೀ. ಕಡ್ಡಿ ತೆಗೆದುಕೊಳ್ಳಿ. ಮ್ಯಾಜಿಕ್ ರಿಂಗ್‌ನಲ್ಲಿ, ಅಂದರೆ ಎಳೆದು ಬಿಗಿಮಾಡುವ ನೂಲಿನ ಉಂಗುರದಲ್ಲಿ, 12 ಡಬಲ್ ಕ್ರೋಶಾ ಹಾಕಿ (ಅಮೆರಿಕನ್ ಲೆಕ್ಕದ ಡಬಲ್, ಬ್ರಿಟಿಷ್ ಪ್ಯಾಟರ್ನ್‌ಗಳಲ್ಲಿ ಅದೇ ಟ್ರೆಬಲ್). ಮುಂದಿನ ಸುತ್ತುಗಳಲ್ಲಿ ಕ್ರಮವಾಗಿ 24, 36, 48 ಡಬಲ್. ಸುತ್ತಳತೆ ಸುಮಾರು 40 ಸೆಂ.ಮೀ. ಬಂದರೆ ಸಾಕು. ನೂಲು ದಪ್ಪ ಇದ್ದರೆ 48 ಜಾಸ್ತಿಯಾಗಬಹುದು, ಅಳೆದು ನೋಡಿ. ಆಮೇಲೆ ಹೆಚ್ಚಿಸದೆ 45 ಸೆಂ.ಮೀ. ಉದ್ದದವರೆಗೆ ಹಾಕುತ್ತಾ ಹೋಗಿ.

ಹೂವಿಗೆ ದಾಸವಾಳದ ಹಾಗೆ ಐದು ಎಸಳು ಸಾಕು. ಹೊಸದೊಂದು ಮ್ಯಾಜಿಕ್ ರಿಂಗ್‌ನೊಳಗೆ 2 ಚೈನ್, 3 ಡಬಲ್, 2 ಚೈನ್, ಒಂದು ಸ್ಲಿಪ್ ಸ್ಟಿಚ್. ಇದನ್ನೇ ಐದು ಸಲ. ಅಂಚಿನ ಒಂದೇ ಕಡೆ ಮೂರ್ನಾಲ್ಕು ಹೂ ಗುಂಪಾಗಿದ್ದರೆ ಚೆಂದ. ಮೈತುಂಬಾ ಹಾಕಿದರೆ ಮಗುವಿನ ಮುಖವೇ ಕಾಣಲ್ಲ!

ಹೂಗಳನ್ನು ಅಂಟಿಸಬೇಡಿ, ಗಟ್ಟಿಯಾಗಿ ಹೊಲಿಯಿರಿ. ಮಣಿ, ಗುಂಡಿ, ಕತ್ತಿನ ಹತ್ತಿರ ದಾರ ಬೇಡವೇ ಬೇಡ. ಒಳಗೆ ಕಾಲು ಮಡಚಲು ಜಾಗವಿರಲಿ. ಫೋಟೋ ಮುಗಿದ ತಕ್ಷಣ ಮಗುವನ್ನು ಹೊರಗೆ ತೆಗೆಯಿರಿ, ಅದರಲ್ಲೇ ಮಲಗಿಸಬಾರದು.