ಅಂಡಮಾನಿಗೆ ಕಾರು ಒಯ್ಯಲೋ, ಅಲ್ಲೇ ಕೊಳ್ಳಲೋ?

ಪ್ರಶ್ನೆ: ಮೂರು ವರ್ಷಕ್ಕೆ ಪೋರ್ಟ್ ಬ್ಲೇರ್‌ಗೆ (ಈಗಿನ ಶ್ರೀ ವಿಜಯ ಪುರಂ) ವರ್ಗವಾಗಿದೆ. ನಮ್ಮದು ಐದು ವರ್ಷ ಹಳೆಯ ಪೆಟ್ರೋಲ್ ಕಾರು, ಸಾಲ ಬಾಕಿಯಿದೆ. ಹಡಗಿನಲ್ಲಿ ಸಾಗಿಸಬೇಕೇ, ಮಾರಬೇಕೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಕಾರು ಗಟ್ಟಿಮುಟ್ಟಾಗಿದ್ದರೆ ಒಯ್ಯಿರಿ. ತಳಭಾಗಕ್ಕೆ ಈಗಾಗಲೇ ತುಕ್ಕು ಹಿಡಿದಿದ್ದರೆ ಮಾರಿಬಿಡಿ. ಉಳಿದದ್ದನ್ನು ಅಲ್ಲಿನ ಉಪ್ಪುಗಾಳಿ ತಿಂದುಹಾಕುತ್ತದೆ. ಒಳ್ಳೆಯ ಕಾರಿಗೂ ಹೊರಡುವ ಮುನ್ನ ತಳಕ್ಕೆ ತುಕ್ಕುನಿರೋಧಕ ಲೇಪನ ಮಾಡಿಸಿ.

ಹನ್ನೆರಡು ತಿಂಗಳು ಮೀರಿ ಅಲ್ಲಿಟ್ಟುಕೊಂಡರೆ ಮರುನೋಂದಣಿ ಕಡ್ಡಾಯ. ಅದಕ್ಕಾಗಿ ಫಾರಂ 28ರಲ್ಲಿ ನಿಮ್ಮ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆಯಬೇಕು. ಸಾಲವಿರುವುದರಿಂದ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ತಡವಾಗುವುದು ಅಲ್ಲೇ, ಮೊದಲು ಅದರ ಬೆನ್ನು ಹತ್ತಿ. ಅಲ್ಲಿನ ಹೊಸ ಆರ್‌ಸಿ (ನೋಂದಣಿ ಪತ್ರ) ಬಂದ ಮೇಲೆ, ಇಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ವಾಪಸು ಕೇಳಬಹುದು. ದೇಶದಲ್ಲೆಲ್ಲ ನಡೆಯುವ ಬಿಎಚ್ (ಭಾರತ್) ಸರಣಿಯ ನಂಬರಿದ್ದರೆ ಈ ತಾಪತ್ರಯವೇ ಇಲ್ಲ.

ಹೆಚ್ಚಿನವರು ಎಡವುವುದು ವಿಮೆಯಲ್ಲಿ. ಸಾಮಾನ್ಯ ಕಾರು ಪಾಲಿಸಿ ರಸ್ತೆ, ರೈಲು, ಒಳನಾಡು ಜಲಮಾರ್ಗದ ಸಾಗಣೆಗೆ ಅನ್ವಯಿಸುತ್ತದೆ, ಸಮುದ್ರಕ್ಕಲ್ಲ. ಚೆನ್ನೈ ಬಂದರಿನಲ್ಲಿ ಕಾರು ಒಪ್ಪಿಸುವ ಮುನ್ನ ಪ್ರತ್ಯೇಕ ಸಾಗರ ವಿಮೆ ಮಾಡಿಸಿ. ಗೀರು, ತಗ್ಗುಗಳ ಫೋಟೊ ತೆಗೆದು, ರಸೀದಿಯಲ್ಲೂ ಬರೆಸಿ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇರಲಿ. ಕಂಟೇನರಿಗೆ ಹತ್ತಿಸಿದ ಮೇಲೆ ಬ್ಯಾಟರಿಯ ನೆಗೆಟಿವ್ ವೈರು ಕಳಚಿಸಿ. ಅಂದಹಾಗೆ, ಪೆಟ್ರೋಲ್ ಅಲ್ಲಿ ಇಲ್ಲಿಗಿಂತ ಅಗ್ಗ.