ಕೊಂಬೆ ಬೀಳುವ ಮೊದಲೇ ಆಗಿರುವ ತಪ್ಪುಗಳು

ಪ್ರಶ್ನೆ: ಮನೆಯ ಚಾವಣಿಯತ್ತ ಚಾಚಿದ ತೊಡೆ ದಪ್ಪದ ಕೊಂಬೆಯೊಂದಿದೆ. ಏಣಿ ಇದೆ, ಚೈನ್‌ಸಾ ಬಾಡಿಗೆಗೆ ಸಿಗುತ್ತದೆ. ನಾನೇ ಕಡಿಯಬಹುದೇ?

ಬೇಡ. ಏಣಿಯೂ ಚೈನ್‌ಸಾವೂ ಒಟ್ಟಿಗೆ ಬೇಕಾಗುವ ಕೆಲಸಕ್ಕೆ ಮನೆಯವರು ಕೈ ಹಾಕಬಾರದು. ಹೆಚ್ಚಿನವರು ಏಣಿ ಒರಗಿಸುವುದು ಕಡಿಯಬೇಕಾದ ಕೊಂಬೆಗೇ. ತುದಿಯ ಭಾರ ಕಳಚಿದ ಕ್ಷಣ ಉಳಿದ ಭಾಗ ಮೇಲಕ್ಕೆ ಚಿಮ್ಮಿ ಏಣಿಯ ಆಸರೆ ತಪ್ಪುತ್ತದೆ. ಕಾಂಡಕ್ಕೆ ಒರಗಿಸಿದರೆ ಇನ್ನೊಂದು ಪೇಚು: ಸೊಪ್ಪು ತುಂಬಿದ ತುದಿ ಮೊದಲು ನೆಲ ಮುಟ್ಟುತ್ತದೆ, ಕಡಿದ ಬುಡ ಬೀಸಿ ಬಂದು ಏಣಿಗೆ ಬಡಿಯುತ್ತದೆ. ಅಲ್ಲದೆ ಚೈನ್‌ಸಾಗೆ ಎರಡು ಕೈ ಬೇಕು, ಏಣಿ ಹಿಡಿಯಲು ಒಂದು. ಇರುವುದು ಎರಡೇ.

ಮುಂಗೈ ದಪ್ಪದೊಳಗಿನ ಕೊಂಬೆಯನ್ನು ನೆಲದ ಮೇಲೆ ನಿಂತೇ ಉದ್ದ ಕೋಲಿನ ಗರಗಸದಿಂದ ಕೊಯ್ಯಿರಿ, ನೇರ ಕೆಳಗೆ ನಿಲ್ಲದೆ. ಕೊಯ್ತ ಮೂರಿರಲಿ. ಮೊದಲನೆಯದು ಕಾಂಡದಿಂದ ಸುಮಾರು 30 ಸೆಂ.ಮೀ. ಆಚೆ, ಅಡಿಯಿಂದ ಮೇಲಕ್ಕೆ, ದಪ್ಪದ ಕಾಲು ಭಾಗ. ಎರಡನೆಯದು ಅದಕ್ಕಿಂತ 3–5 ಸೆಂ.ಮೀ. ಹೊರಗೆ, ಮೇಲಿನಿಂದ ಪೂರ್ತಿ. ಕೊಂಬೆ ಬಿದ್ದ ಮೇಲೆ ಉಳಿದ ಮೋಟನ್ನು, ಅದು ಕಾಂಡ ಸೇರುವಲ್ಲಿರುವ ಉಬ್ಬಿನ ಹೊರ ಅಂಚಿಗೆ ತೆಗೆಯಿರಿ. ಅಡಿಯ ಕೊಯ್ತ ಬಿಟ್ಟರೆ ಕೊಂಬೆ ಅರ್ಧಕ್ಕೇ ಮುರಿದು ತೊಗಟೆ ಸುಲಿದುಕೊಂಡು ಕಾಂಡಕ್ಕೆ ಜೋತುಬೀಳುತ್ತದೆ. ಆಮೇಲೆ ಅದು ಯಾವ ಕಡೆ ತಿರುಗುತ್ತದೆಂದು ಹೇಳಲಾಗದು.

ಪ್ರಶ್ನೆ: ಹಗ್ಗ ಕಟ್ಟಿ ಕೆಳಗೆ ಇಬ್ಬರು ಗಟ್ಟಿ ಹಿಡಿದುಕೊಂಡರೆ ಸಾಲದೇ?

ಲೆಕ್ಕ ಹಾಕಿ ನೋಡಿ. ಹಸಿ ಮರ ಘನಮೀಟರಿಗೆ ಸುಮಾರು 800ರಿಂದ 1000 ಕಿಲೋ ತೂಗುತ್ತದೆ. 40 ಸೆಂ.ಮೀ. ವ್ಯಾಸದ, 2 ಮೀಟರ್ ಉದ್ದದ ತುಂಡೆಂದರೆ ಕಾಲು ಘನಮೀಟರ್, ಅಂದರೆ 200 ಕಿಲೋ ಮೀರಿದ ಭಾರ. ಅದು ಅರ್ಧ ಮೀಟರ್ ಬಿದ್ದು ಹಗ್ಗ ಜಗ್ಗಿದಾಗ ಬೀಳುವ ಎಳೆತ ಈ ತೂಕದ ಹಲವು ಪಟ್ಟು. ಹಗ್ಗದಲ್ಲಿ ಗಂಟಿದ್ದರೆ ಅದರ ತಾಳಿಕೆ ಇನ್ನೂ ಕಡಿಮೆ. ಹಿಡಿದವನು ಹಗ್ಗವನ್ನು ಅಂಗೈಗೆ ಸುತ್ತಿಕೊಂಡಿದ್ದರೆ ಬಿಡಬೇಕೆಂದರೂ ಬಿಡಲಾಗುವುದಿಲ್ಲ.

ಪ್ರಶ್ನೆ: ಇದನ್ನೇ ಕಸುಬಾಗಿ ಮಾಡುವವರಿಗೂ ಅವಘಡ ಆಗುತ್ತದಲ್ಲ, ಅವರಿಗೆ ಗೊತ್ತಿಲ್ಲವೇ?

ಗೊತ್ತಿದೆ. ಹೊಸಬನಿಗೆ ಭಾರ ಎತ್ತ ಹೊರಳುತ್ತದೆಂದು ತಿಳಿಯದು. ಪಳಗಿದವನಿಗೆ ತಿಳಿದಿದ್ದರೂ "ಇದೊಂದು ಕೊಯ್ತ ತಾನೇ" ಎನಿಸುತ್ತದೆ. ಮರದ ಮೇಲೆ ಕೊಯ್ಯುವಾಗ ಎರಡು ಕಡೆ ಕಟ್ಟಿಕೊಂಡಿರಬೇಕು. ಒಂದೇ ಹಗ್ಗದಲ್ಲಿ ತೂಗಿಕೊಂಡು, ಚೈನ್‌ಸಾವನ್ನು ಒಂದೇ ಕೈಯಲ್ಲಿ ಚಾಚಿ, ತನ್ನ ಹಗ್ಗವನ್ನೇ ಕೊಯ್ದುಕೊಂಡವರಿದ್ದಾರೆ. ಮೇಲಿನವನು ಕೂಗಿದ್ದು ಎಂಜಿನ್ ಸದ್ದಿನಲ್ಲಿ ಕೇಳದೆ, ಕೆಳಗಿನವನು ಸೊಪ್ಪು ಎಳೆಯಲು ಬರುವುದೂ ಅಷ್ಟೇ ಮಾಮೂಲು. ಕೆಳಗಿನವನು "ಸರಿ" ಎಂದು ಮರುದನಿ ಕೊಡದೆ ಮೇಲೆ ಕೊಯ್ತ ಶುರುವಾಗಬಾರದು.

ಬುಡ ಕಡಿಯುವಾಗಿನ ತಪ್ಪು ಬಹುಪಾಲು ಕಾಂಡದಲ್ಲಿ ಕೊಯ್ಯದೆ ಉಳಿಸಬೇಕಾದ ಒಂದು ಪಟ್ಟಿಯದು. ಬೀಳಬೇಕಾದ ದಿಕ್ಕಿಗೆ ಮೊದಲು ಬಾಯಿ ತೆರೆದಂತೆ ಕಚ್ಚು ಹಾಕುತ್ತಾರೆ, ಆಳ ವ್ಯಾಸದ ನಾಲ್ಕನೇ ಅಥವಾ ಐದನೇ ಒಂದು ಭಾಗ. ಆಮೇಲೆ ಹಿಂದಿನಿಂದ ಕೊಯ್ಯುತ್ತ ಬಂದು ನಡುವೆ ವ್ಯಾಸದ ಹತ್ತರಲ್ಲೊಂದರಷ್ಟು ದಪ್ಪದ ಪಟ್ಟಿ ಉಳಿಸಬೇಕು, 40 ಸೆಂ.ಮೀ. ಮರಕ್ಕೆ 4 ಸೆಂ.ಮೀ. ಈ ಪಟ್ಟಿಯೇ ಬಾಗಿಲಿನ ಬಿಜಾಗರಿಯಂತೆ ಮರವನ್ನು ತಿರುಗಿಸಿ ಕೆಡವುವುದು. ಅದನ್ನೂ ಕೊಯ್ದುಬಿಟ್ಟರೆ ಮರ ತನಗೆ ಬೇಕಾದತ್ತ ಬೀಳುತ್ತದೆ. ಕಚ್ಚಿನ ಎರಡು ಕೊಯ್ತಗಳು ಒಂದನ್ನೊಂದು ದಾಟಿದ್ದರೂ ಕಚ್ಚು ಬೇಗ ಮುಚ್ಚಿ ಪಟ್ಟಿ ಹರಿಯುತ್ತದೆ.

ಮುಂದಕ್ಕೆ ವಾಲಿದ ಮರ ಇನ್ನೂ ಕೆಟ್ಟದ್ದು. ಹಿಂದಿನಿಂದ ಕೊಯ್ಯುತ್ತಿರುವಾಗಲೇ ಕಾಂಡ ಉದ್ದಕ್ಕೆ ಸೀಳಿ, ಸೀಳಿದ ಹಿಂಭಾಗ ಕೊಯ್ಯುವವನ ಮುಖದೆತ್ತರಕ್ಕೆ ಚಿಮ್ಮುತ್ತದೆ. ಅಂಥ ಮರಕ್ಕೆ ಬಿಜಾಗರಿಯ ಹಿಂದೆ ಬದಿಯಿಂದ ಚೈನ್‌ಸಾ ತೂರಿಸಿ ನಡುಭಾಗ ಕೊಯ್ದು, ಹಿಂದೆ ಉಳಿಸಿದ ಪಟ್ಟಿಯನ್ನು ಕೊನೆಗೆ ಕಡಿಯುತ್ತಾರೆ. ಇದು ಕಲಿತವರ ಕೆಲಸ. ತಪ್ಪಿಸಿಕೊಳ್ಳುವ ದಾರಿಯನ್ನು, ಮರ ಬೀಳುವ ದಿಕ್ಕಿನ ಹಿಂದಕ್ಕೆ ಓರೆಯಾಗಿ, ಮೊದಲೇ ಹಸನು ಮಾಡಿಟ್ಟಿರಬೇಕು. ಉಳಿದವರು ಮರದ ಎತ್ತರದ ಎರಡರಷ್ಟು ದೂರದಲ್ಲಿರಲಿ.

ಪ್ರಶ್ನೆ: ಚೈನ್‌ಸಾ ಹಠಾತ್ತನೆ ಮುಖದತ್ತ ಹಾರುವುದೇಕೆ?

ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿಯ ಮೂತಿಯ ಮೇಲಿನ ಕಾಲುಭಾಗ ಗಟ್ಟಿ ವಸ್ತುವಿಗೆ ತಗುಲಿದಾಗ ಚೈನ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಅದರ ಓಟದ ಬಲ ಇಡೀ ಯಂತ್ರವನ್ನು ಹಿಂದಕ್ಕೆ, ಮೇಲಕ್ಕೆ ಎಸೆಯುತ್ತದೆ. ಕಣ್ಣು ಮಿಟುಕಿಸುವಷ್ಟೂ ಸಮಯವಿರದು. ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿರಬೇಕು, ಗರಗಸ ಭುಜಕ್ಕಿಂತ ಮೇಲೇರಬಾರದು, ಚೈನ್ ಬ್ರೇಕನ್ನು ಪ್ರತಿದಿನ ಪರೀಕ್ಷಿಸಬೇಕು. ಮೊಂಡು ಚೈನ್ ಹಿಟ್ಟಿನಂಥ ಪುಡಿ ಉದುರಿಸುತ್ತದೆ, ಹರಿತವಾದದ್ದು ಚಕ್ಕೆ. ಪುಡಿ ಕಂಡರೆ ಒತ್ತಿ ಕೊಯ್ಯದೆ ಅರ ಹಿಡಿಯಿರಿ.

ಪ್ರಶ್ನೆ: ಕೊಂಬೆ ವಿದ್ಯುತ್ ತಂತಿಯ ಹತ್ತಿರವಿದೆ. ಒಣಗಿದ ಬಿದಿರಿನ ಕೋಲು ಬಳಸಬಹುದೇ?

ಬಳಸಬಾರದು. ಒಣಗಿದಂತೆ ಕಾಣುವ ಕೋಲಿನಲ್ಲೂ ತೇವ ಇರುತ್ತದೆ, ಹಸಿ ಕೊಂಬೆಯಲ್ಲಂತೂ ನೀರೇ. ಹೆಚ್ಚಿನ ವೋಲ್ಟೇಜಿನ ತಂತಿಯಿಂದ ವಿದ್ಯುತ್ ಮುಟ್ಟದೆಯೂ ಹಾಯುತ್ತದೆ. ನೀವು, ನಿಮ್ಮ ಉಪಕರಣ, ಬೀಳುವ ಕೊಂಬೆ, ಈ ಮೂರರಲ್ಲಿ ಯಾವುದೂ ತಂತಿಗೆ 3 ಮೀಟರಿಗಿಂತ ಹತ್ತಿರ ಬರಬಾರದು. ದೊಡ್ಡ ಲೈನುಗಳಿಗೆ ಇದೂ ಸಾಲದು. ಬರುವಂತಿದ್ದರೆ ವಿದ್ಯುತ್ ಪೂರೈಸುವವರಿಗೆ ತಿಳಿಸಿ, ಅವರು ಲೈನ್ ಕಡಿತ ಮಾಡಿ ಬರವಣಿಗೆಯಲ್ಲಿ ಖಚಿತಪಡಿಸುವ ತನಕ ಮರ ಮುಟ್ಟಬೇಡಿ.