ಗುಡಾರದವರ ಹೆಸರು ಪಟ್ಟಿಯಲ್ಲಿ ಯಾಕಿಲ್ಲ?

‘ಚಳ್ಳಕೆರೆ ಕಡೆ ಗುಡಾರಗಳಲ್ಲಿರುವ ಅಲೆಮಾರಿಗಳು ಓಟು ಹಾಕೋಕೆ ಬರೋದೇ ಇಲ್ಲ, ಆಸಕ್ತಿ ಇಲ್ವಾ?’ ಅಂತ ಕೇಳಿದ್ದೀರಿ. ಆಸಕ್ತಿ ಮಾತು ಆಮೇಲೆ, ಮೊದಲು ಕೂಲಿ ಲೆಕ್ಕ ಹಾಕಿ. ಕಾಫಿ ತೋಟಕ್ಕೋ ಬೆಂಗಳೂರಿಗೋ ಹೋದವರು ಒಂದು ಓಟಿಗೆ ಎರಡು ದಿನದ ದುಡಿಮೆ ಬಿಡಬೇಕು. ಹೆಂಗಸರಿಗೆ ಬಸ್ಸು ಉಚಿತ, ಕೂಲಿ ಕೊಡೋರು ಯಾರು? 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಪ್ರಕಾರ ಮತದಾನದ ದಿನ ಸಂಬಳಸಹಿತ ರಜೆ ಇದೆ. ತಪ್ಪಿದ ಮಾಲೀಕನಿಗೆ ದಂಡ ಹೆಚ್ಚೆಂದರೆ 500 ರೂಪಾಯಿ. ಯಾರು ಹೆದರುತ್ತಾರೆ!

ಇನ್ನು ಮತದಾರರ ಪಟ್ಟಿಗೆ ಹೆಸರು ಸೇರಿಸೋದು. ‘ಮನೆ ವಿಳಾಸ ಇಲ್ಲ’ ಅಂತ ಫಾರಂ 6 (ಹೆಸರು ಸೇರಿಸೋ ಅರ್ಜಿ) ವಾಪಸ್ ಕೊಟ್ಟರೆ ಒಪ್ಪಬೇಡಿ. ಸೂರಿಲ್ಲದವರಿಗೆ ವಿಳಾಸದ ದಾಖಲೆ ಕಡ್ಡಾಯವಲ್ಲ. ಅವರು ಅಲ್ಲೇ ಮಲಗುತ್ತಾರಾ ಅಂತ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ರಾತ್ರಿ ಬಂದು ನೋಡಬೇಕು. ಗುಡಾರ ಎಲ್ಲಿದೆ ಅನ್ನೋದನ್ನ ಫಾರಂನಲ್ಲಿ ಗುರುತು ಸಮೇತ ಬರೆಸಿ (ಯಾವ ಕೆರೆ ಏರಿ, ಯಾವ ಗುಡಿ ಪಕ್ಕ), ಸ್ವೀಕೃತಿ ಚೀಟಿ ಬಿಡಬೇಡಿ. ತಿರಸ್ಕರಿಸಿದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ನಾಮಪತ್ರದ ಕೊನೇ ದಿನ ದಾಟಿದರೆ ಆ ಚುನಾವಣೆ ಕೈತಪ್ಪಿದಂತೆಯೇ, ಅದಕ್ಕೇ ತಿಂಗಳುಗಟ್ಟಲೆ ಮುಂಚೆ ಶುರು ಮಾಡಿ.

ಜಾತಿ ಹಿಡಿದು ಬೈದು, ‘ಈ ಕಡೆ ಬರಬೇಡ’ ಅಂತ ಬೆದರಿಸೋದಂತೂ ಬೇರೆಯೇ ಮಾತು. ಪರಿಶಿಷ್ಟ ಜಾತಿ, ಪಂಗಡದವರನ್ನ ಮತದಾನದಿಂದ ತಡೆದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಎಲ್) ಅನ್ವಯ 6 ತಿಂಗಳಿಂದ 5 ವರ್ಷ ಜೈಲು. ಆದರೆ ಮರುದಿನ ಅದೇ ಯಜಮಾನನ ಹೊಲಕ್ಕೇ ಕೂಲಿಗೆ ಹೋಗಬೇಕಾದವರು ದೂರು ಕೊಡೋದು ಕಷ್ಟ. ಒಬ್ಬೊಬ್ಬರನ್ನೇ ಬೂತಿಗೆ ಕಳಿಸಬೇಡಿ, ಹತ್ತಿಪ್ಪತ್ತು ಜನ ಒಟ್ಟಿಗೆ ಹೋಗಲಿ. ಇವರ ಓಟು ಮೊದಲೇ ಯಾರಾದ್ರೂ ಹಾಕಿದ್ದರೆ ‘ಟೆಂಡರ್ ಮತ’ ಕೇಳಿ. ಅದು ಯಂತ್ರದಲ್ಲಿಲ್ಲ, ಕಾಗದದ ಮತಪತ್ರ.